ವಾಯುಭಾರ ಕುಸಿತ ಅಂತಾರೆ, ನಮ್ಮೂರಿಗೆ ಮಳೆ ಬರುತ್ತಾ? ಒತ್ತಡ, ಗಾಳಿ ನೋಡಿ ನೀವೇ ಲೆಕ್ಕ ಹಾಕುವ ಬಗೆ

ಅಕ್ಟೋಬರ್ ಹುಟ್ಟಿದರೆ ಸಾಕು, ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. "ಬಂಗಾಳಕೊಲ್ಲೀಲಿ ವಾಯುಭಾರ ಕುಸಿತ ಅಂತ ಟಿವೀಲಿ ತೋರಿಸ್ತಾವ್ರೆ, ರಾಗಿ ಕೊಯ್ಸೋದಾ ಬೇಡ್ವಾ?" ಎಂದು ಮುಳಬಾಗಿಲಿನವರು ಕೇಳುತ್ತಾರೆ. ಟೊಮೆಟೊಗೆ ಈಗ ಔಷಧಿ ಹೊಡೆದರೆ ಎಲೆ ಮೇಲೆ ನಿಲ್ಲುತ್ತಾ ಎನ್ನುವುದು ಶ್ರೀನಿವಾಸಪುರದವರ ಚಿಂತೆ. ಶಿಡ್ಲಘಟ್ಟದಲ್ಲಿ ರೇಷ್ಮೆಹುಳು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ಬಿದಿರಿನ ತಟ್ಟೆಗೆ) ಬಿಡುವ ಹೊತ್ತಿಗೆ ಥಂಡಿ ಹಿಡಿದರೆ ಗೂಡಿನ ರೇಟೇ ಬಿತ್ತು. ತಿಪಟೂರಿನಲ್ಲಿ ಅಂಗಳದ ತುಂಬ ಕೊಬ್ಬರಿ ಹರಡಿರುತ್ತದೆ.

ಉತ್ತರ ಒಂದೇ ಮಾತಿನಲ್ಲಿ ಹೇಳಬಹುದು: ಕಡಿಮೆ ಒತ್ತಡ ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಅದು ನಮಗೆ ಯಾವ ದಿಕ್ಕಿನಲ್ಲಿದೆ, ಯಾವ ಕಡೆಯ ಗಾಳಿಯನ್ನು ನಮ್ಮ ಮೇಲೆ ಎಳೆಯುತ್ತಿದೆ ಎನ್ನುವುದು ಮುಖ್ಯ. ಅದನ್ನು ಮನೆಯಂಗಳದಲ್ಲಿ ನಿಂತು ತಿಳಿಯುವ ಕ್ರಮ ಕೆಳಗಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು. ಕರಾವಳಿಯವರಿಗೆ ಇದರಲ್ಲಿ ಅರ್ಧ ಒಗ್ಗುವುದಿಲ್ಲ.

ಬೇಕಾಗುವ ಸಾಮಾನು

ಒತ್ತಡ ಅಳೆಯುವ ಸೆನ್ಸರ್ ಇರುವ ಮೊಬೈಲ್, ಅಥವಾ ಗೋಡೆಗೆ ತೂಗುಹಾಕುವ ಮುಳ್ಳಿನ ಬ್ಯಾರೋಮೀಟರ್. ಒಂದು ಥರ್ಮಾಮೀಟರ್ (ಜ್ವರದ್ದಲ್ಲ, 0 ಡಿಗ್ರಿಯಿಂದ 50 ಡಿಗ್ರಿವರೆಗೆ ತೋರಿಸುವಂಥದ್ದು), ಹೊಳೆಯುವ ಸ್ಟೀಲ್ ಲೋಟ, ನಾಲ್ಕು ತುಂಡು ಐಸ್. ದಿಕ್ಕು ನೋಡಲು ಮೊಬೈಲಿನ ದಿಕ್ಸೂಚಿ. ಮಳೆ ಅಳೆಯಲು ನೇರ ಗೋಡೆಯ ಡಬ್ಬ ಮತ್ತು ಅಡಿಪಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ನೋಟ್‌ಬುಕ್. ಬರೆದಿಡದಿದ್ದರೆ ಉಳಿದ ಸಾಮಾನೆಲ್ಲ ದಂಡ.

ಎಲ್ಲ ಮೊಬೈಲಿನಲ್ಲೂ ಸೆನ್ಸರ್ ಇರುವುದಿಲ್ಲ. ಪರೀಕ್ಷೆ ಸುಲಭ: ಬ್ಯಾರೋಮೀಟರ್ ಆ್ಯಪ್ ಹಾಕಿಕೊಂಡು, ಡೇಟಾ ಮತ್ತು ಲೊಕೇಶನ್ ಎರಡನ್ನೂ ಆಫ್ ಮಾಡಿ. ಆಗಲೂ ಅಂಕಿ ಬದಲಾಗುತ್ತಿದ್ದರೆ ಸೆನ್ಸರ್ ಇದೆ. ಇಂಟರ್‌ನೆಟ್ ಕೇಳಿದರೆ ಅದು ಬೇರೆಲ್ಲೋ ಅಳೆದ ಅಂಕಿಯನ್ನು ತಂದು ತೋರಿಸುತ್ತಿದೆ, ನಿಮ್ಮ ಅಂಗಳದ್ದಲ್ಲ. ಖಾತ್ರಿ ಬೇಕಿದ್ದರೆ ಮೂರಂತಸ್ತಿನ ಕಟ್ಟಡದ ಟೆರೇಸ್ ಹತ್ತಿ ನೋಡಿ. ನಮ್ಮ ಎತ್ತರದಲ್ಲಿ ಸುಮಾರು 9ರಿಂದ 10 ಮೀಟರ್ ಮೇಲೇರಿದರೆ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿಯಬೇಕು.

ಹೆಕ್ಟೋಪಾಸ್ಕಲ್ ಎಂದರೆ ಗಾಳಿಯ ಒತ್ತಡದ ಅಳತೆ. ಹಳೆಯ ಮಾಪಕದಲ್ಲಿ 'ಮಿಲಿಬಾರ್' ಎಂದಿದ್ದರೆ ಅದೇ ಇದು, ಲೆಕ್ಕ ಬದಲಿಸಬೇಕಿಲ್ಲ.

ಹಂತ 1: ಸುದ್ದಿಯ ಪದವನ್ನು ಬಿಡಿಸಿ ಓದಿ

ನಮ್ಮ ಪತ್ರಿಕೆ, ಟಿವಿಗಳಲ್ಲಿ 'ವಾಯುಭಾರ ಕುಸಿತ' ಎಂಬ ಒಂದೇ ಪದ ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. ಹವಾಮಾನ ಇಲಾಖೆಯ ಮೆಟ್ಟಿಲುಗಳು ಮಾತ್ರ ಖಚಿತ. ಸುಳಿಯಲ್ಲಿ ಬೀಸುವ ಗಾಳಿಯ ವೇಗದ ಮೇಲೆ ಹೆಸರು:

ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಕಡಿಮೆ ಒತ್ತಡದ ಪ್ರದೇಶ.
31ರಿಂದ 49 ಕಿ.ಮೀ. ಆದರೆ ವಾಯುಭಾರ ಕುಸಿತ, ಅಂದರೆ ಡಿಪ್ರೆಶನ್.
50ರಿಂದ 61 ಆದರೆ ತೀವ್ರ ವಾಯುಭಾರ ಕುಸಿತ.
62 ದಾಟಿದರೆ ಚಂಡಮಾರುತ. ಹೆಸರಿಡುವುದು ಆಮೇಲೆಯೇ.

'ಮೇಲ್ಮೈ ಸುಳಿಗಾಳಿ' ಎಂದು ಬರೆದಿದ್ದರೆ ಗಾಳಿ ಸುತ್ತುತ್ತಿರುವುದು ನೆಲದಿಂದ ಮೇಲೆ, ಕೆಳಗೆ ಇನ್ನೂ ಒತ್ತಡ ಕುಸಿದಿರಬೇಕೆಂದಿಲ್ಲ. 'ಟ್ರಫ್' ಅಥವಾ 'ದ್ರೋಣಿ' ಎಂದರೆ ಕಡಿಮೆ ಒತ್ತಡ ದುಂಡಗಿಲ್ಲದೆ ಕಾಲುವೆಯ ಹಾಗೆ ಉದ್ದಕ್ಕೆ ಚಾಚಿಕೊಂಡಿದೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಹೆಸರಿದ್ದರೆ ದೊಡ್ಡ ಮಳೆ, ಹೆಸರಿಲ್ಲದಿದ್ದರೆ ಸಣ್ಣದು ಎಂದುಕೊಳ್ಳುತ್ತಾರೆ. 2021ರ ನವೆಂಬರ್ 19ರ ನಸುಕಿನಲ್ಲಿ ಪುದುಚೇರಿ ಮತ್ತು ಚೆನ್ನೈ ನಡುವೆ ದಡ ಹತ್ತಿದ್ದು ಬರೀ ಡಿಪ್ರೆಶನ್. ಅದಕ್ಕೆ ಹೆಸರೂ ಇರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಆ ತಿಂಗಳು ಕೋಡಿ ಹರಿದದ್ದು ಜನಕ್ಕೆ ಇನ್ನೂ ನೆನಪಿದೆ. 2023ರ ಡಿಸೆಂಬರ್‌ನ 'ಮಿಚಾಂಗ್' ಹೆಸರುಳ್ಳ ತೀವ್ರ ಚಂಡಮಾರುತ. ಚೆನ್ನೈಯನ್ನು ಮುಳುಗಿಸಿ, ದಡದ ಗುಂಟ ಬಡಗಕ್ಕೆ ನಡೆದು, 5ನೇ ತಾರೀಕು ಆಂಧ್ರದ ಬಾಪಟ್ಲ ಬಳಿ ನೆಲ ಹತ್ತಿತು. ಹಾದಿ ಆ ಕಡೆಗಿದ್ದಾಗ ನಮಗೆ ಏನಾಗುತ್ತದೆ ಎನ್ನುವುದು 4ನೇ ಹಂತದಲ್ಲಿದೆ.

ಹಂತ 2: ಮೊಬೈಲಿನ ಅಂಕಿ ನೋಡಿ ಗಾಬರಿಯಾಗಬೇಡಿ

ಮೊದಲ ಸಲ ಅಳೆದವರು ಹೌಹಾರುತ್ತಾರೆ. ಸಮುದ್ರಮಟ್ಟದ ಸರಾಸರಿ ಒತ್ತಡ 1013 ಎಂದು ಪುಸ್ತಕದಲ್ಲಿದೆ, ಕೋಲಾರದ ಅಂಗಳದಲ್ಲಿ ಮೊಬೈಲ್ 915ರಿಂದ 920 ತೋರಿಸುತ್ತದೆ. 1999ರ ಅಕ್ಟೋಬರ್‌ನಲ್ಲಿ ಒಡಿಶಾವನ್ನು ನುಂಗಿದ ಸೂಪರ್ ಸೈಕ್ಲೋನಿನ ನಡುಗಣ್ಣಿನಲ್ಲಿ ಇದ್ದ ಒತ್ತಡ 912 ಎಂದು ಹವಾಮಾನ ಇಲಾಖೆಯ ಅಂದಾಜು. ಹಾಗಾದರೆ ನಮ್ಮದು ದಿನವೂ ಸೂಪರ್ ಸೈಕ್ಲೋನೇ?

ಅಲ್ಲ. ನಾವು ಸಮುದ್ರಮಟ್ಟದಿಂದ ಎಂಟು ನೂರು, ಒಂಬೈನೂರು ಮೀಟರ್ ಮೇಲಿದ್ದೇವೆ. ಅಷ್ಟು ದಪ್ಪದ ಗಾಳಿ ನಮ್ಮ ಕಾಲ ಕೆಳಗೆ ಉಳಿದುಬಿಟ್ಟಿದೆ, ಅದರ ಭಾರ ಲೆಕ್ಕಕ್ಕಿಲ್ಲ. ಚಿಕ್ಕಬಳ್ಳಾಪುರದಲ್ಲಿ 910ರ ಆಸುಪಾಸು, 1,478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ 850ರ ಹತ್ತಿರ. ಬೈಕಿನಲ್ಲಿ ಬೆಟ್ಟ ಹತ್ತಿಳಿದರೆ ಯಾವ ಚಂಡಮಾರುತವೂ ತೋರಿಸದಷ್ಟು ಏರಿಳಿತ ಮೊಬೈಲಿನಲ್ಲಿ ಕಾಣುತ್ತದೆ.

ನಕ್ಷೆಗಳಲ್ಲಿ ಬರುವ 1008, 1012ರಂಥ ಅಂಕಿಗಳು ಎಲ್ಲ ಊರನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದವು. ನಿಮ್ಮ ಅಂಕಿಯನ್ನು ಅದಕ್ಕೆ ಹೋಲಿಸಬೇಕಾದರೆ ಹೀಗೆ ಮಾಡಿ: ಗಾಳಿ, ಮಳೆ ಇಲ್ಲದ ದಿನ ಬೆಳಿಗ್ಗೆ 8.30ಕ್ಕೆ ಮೊಬೈಲಿನ ಅಂಕಿ ಬರೆದುಕೊಳ್ಳಿ. ಅದೇ ಹೊತ್ತಿಗೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಹವಾಮಾನ ವರದಿ ನೋಡಿ. ಅರ್ಧ ಗಂಟೆಗೊಮ್ಮೆ ಹೊಸದು ಬರುತ್ತದೆ, ಅದರಲ್ಲಿ 'ಕ್ಯೂ' (Q) ಅಕ್ಷರದ ಮುಂದಿನ ನಾಲ್ಕು ಅಂಕಿಯೇ ಸಮುದ್ರಮಟ್ಟದ ಒತ್ತಡ. ಎರಡರ ನಡುವಿನ ವ್ಯತ್ಯಾಸ ನಿಮ್ಮ ಮನೆಯ 'ಕೂಡಿಕೆ'. ತುಮಕೂರಿನಲ್ಲಿ ಅದು 90ರ ಹತ್ತಿರ ಬರಬಹುದು, ಚಿಕ್ಕಬಳ್ಳಾಪುರದಲ್ಲಿ 100ರ ಹತ್ತಿರ.

ಒಂದು ಎಚ್ಚರ. ಈ ಕೂಡಿಕೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಬಿಸಿ ಗಾಳಿ ಹಗುರ, ತಣ್ಣನೆಯದು ಭಾರ. ಉಷ್ಣತೆ 10 ಡಿಗ್ರಿ ಬದಲಾದರೆ ನಕ್ಷೆಯ ಅಂಕಿಗೆ ಬೇಕಾದ ಕೂಡಿಕೆ ಸುಮಾರು 3 ಹೆಕ್ಟೋಪಾಸ್ಕಲ್ ಆಚೀಚೆಯಾಗುತ್ತದೆ. ಬೆಳಗಿನ ಕೂಡಿಕೆಯನ್ನು ಮಧ್ಯಾಹ್ನಕ್ಕೆ ಹಚ್ಚಬೇಡಿ. ನಿಜ ಹೇಳಬೇಕೆಂದರೆ ದಿನದಿನದ ಬಳಕೆಗೆ ಕೂಡಿಕೆಯ ಅಗತ್ಯವೇ ಇಲ್ಲ. ಮೊಬೈಲನ್ನು ದಿನವೂ ಅದೇ ಕಿಟಕಿ, ಅದೇ ಅಟ್ಟಣಿಗೆಯ ಮೇಲಿಟ್ಟು ಅಳೆದರೆ ಇವತ್ತಿಗೂ ನಿನ್ನೆಗೂ ಇರುವ ವ್ಯತ್ಯಾಸ ಸಾಕು.

ಹಂತ 3: ಹತ್ತು ಗಂಟೆಯ ಏರು, ನಾಲ್ಕು ಗಂಟೆಯ ಇಳಿ

ಯೂರೋಪು, ಅಮೆರಿಕದವರಿಗಾಗಿ ಬರೆದ ಸೂಚನೆ ಓದಿ ನಮ್ಮಲ್ಲಿ ಮೋಸ ಹೋಗುವುದು ಇಲ್ಲಿಯೇ. 'ಒತ್ತಡ ಇಳಿಯುತ್ತಿದ್ದರೆ ಮಳೆ' ಎಂದು ಅವರು ಬರೆದಿರುತ್ತಾರೆ. ಅದನ್ನು ನಂಬಿದರೆ ಕೋಲಾರದಲ್ಲಿ ದಿನವೂ ಮಧ್ಯಾಹ್ನ ಕೊಡೆ ಬಿಚ್ಚಬೇಕು.

ಉಷ್ಣವಲಯದಲ್ಲಿ ಒತ್ತಡಕ್ಕೆ ಸಮುದ್ರದ ಭರತ–ಇಳಿತದಂತೆ ದಿನಕ್ಕೆ ಎರಡು ಏರು, ಎರಡು ಇಳಿ. ಬಿಸಿಲು ಮೇಲಿನ ವಾತಾವರಣವನ್ನು ಕಾಯಿಸುವುದರಿಂದ ಹುಟ್ಟುವ ಅಲೆ ಇದು. ಬೆಳಿಗ್ಗೆ 10ರ ಸುಮಾರಿಗೆ ತುದಿ ಮುಟ್ಟುತ್ತದೆ, ಸಂಜೆ 4ಕ್ಕೆ ತಳ. ಮತ್ತೆ ರಾತ್ರಿ 10ಕ್ಕೆ ಏರು, ನಸುಕಿನ 4ಕ್ಕೆ ಇಳಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ 3ರಿಂದ 5 ಹೆಕ್ಟೋಪಾಸ್ಕಲ್ ಇಳಿಯುವುದು ಮೋಡವೇ ಇಲ್ಲದ ಮಾರ್ಚಿ ತಿಂಗಳಲ್ಲೂ ಮಾಮೂಲು.

ಹಾಗಾಗಿ ನಿಯಮ ಒಂದೇ: ಇವತ್ತಿನ 8.30ನ್ನು ನಿನ್ನೆಯ 8.30ರ ಜೊತೆ ಮಾತ್ರ ಹೋಲಿಸಿ. ಸಂಜೆ 5.30ರದ್ದನ್ನು ನಿನ್ನೆಯ 5.30ರ ಜೊತೆ. ಹವಾಮಾನ ಇಲಾಖೆಯೂ ಬೆಳಿಗ್ಗೆ 8.30, ಸಂಜೆ 5.30ಕ್ಕೆ ಅಳೆಯುತ್ತದೆ, ನೀವೂ ಅದೇ ಹೊತ್ತು ಹಿಡಿದರೆ ಅವರ ಅಂಕಿಯ ಜೊತೆ ತಾಳೆ ನೋಡಲು ಅನುಕೂಲ.

24 ಗಂಟೆಗೆ 1 ಹೆಕ್ಟೋಪಾಸ್ಕಲ್ ಒಳಗಿನ ಬದಲಾವಣೆಯನ್ನು ಮರೆತುಬಿಡಿ. 2ಕ್ಕಿಂತ ಹೆಚ್ಚು ಇಳಿದರೆ ಕಿವಿ ನಿಮಿರಲಿ. ಎರಡು ದಿನ ಸಾಲಾಗಿ ಇಳಿದರೆ ಹತ್ತಿರದಲ್ಲಿ ಏನೋ ಬರುತ್ತಿದೆ. ಇದು ಅಂದಾಜಿನ ಗೆರೆ, ಕಾನೂನಲ್ಲ.

ಹಂತ 4: ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇದಕ್ಕೆ ಮೊಬೈಲೂ ಬೇಡ.

ಭೂಮಧ್ಯರೇಖೆಯಿಂದ ಬಡಗಕ್ಕೆ ಇರುವ ನಮ್ಮಲ್ಲಿ ಕಡಿಮೆ ಒತ್ತಡದ ಸುತ್ತ ಗಾಳಿ ಅಪ್ರದಕ್ಷಿಣವಾಗಿ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಆದ್ದರಿಂದ ಬಯಲಿನಲ್ಲಿ ಗಾಳಿ ಬೆನ್ನಿಗೆ ಬಡಿಯುವಂತೆ ನಿಂತು ಎಡಗೈ ಚಾಚಿದರೆ, ಕಡಿಮೆ ಒತ್ತಡ ಆ ಕೈಯ ಕಡೆಗಿರುತ್ತದೆ. ಡಚ್ ವಿಜ್ಞಾನಿ ಬೈಸ್ ಬಾಲೊಟ್ 1857ರಲ್ಲಿ ಹೇಳಿದ ನಿಯಮ ಇದು, ಹಡಗಿನವರು ಬಹಳ ಕಾಲ ಇದರ ಮೇಲೆಯೇ ಬದುಕಿದರು. ನೆಲದ ಮೇಲೆ ಗಾಳಿ ತುಸು ಒಳಕ್ಕೆ ತಿರುಗುವುದರಿಂದ ಕೈಯನ್ನು ಸ್ವಲ್ಪ ಮುಂದಕ್ಕೆ ತನ್ನಿ.

ಲೆಕ್ಕ ಹಾಕಿ ನೋಡಿ. ನವೆಂಬರ್‌ನಲ್ಲಿ ಈಶಾನ್ಯದ ಗಾಳಿ ಬೀಸುತ್ತಿದೆ, ಬೆನ್ನು ಈಶಾನ್ಯಕ್ಕೆ, ಮುಖ ನೈಋತ್ಯಕ್ಕೆ. ಎಡಗೈ ಆಗ್ನೇಯ ತೋರಿಸುತ್ತದೆ, ತಮಿಳುನಾಡಿನ ಆಚೆಯ ಕಡಲು. ವಾಯವ್ಯದ ಗಾಳಿಯಾದರೆ ಎಡಗೈ ಈಶಾನ್ಯಕ್ಕೆ, ಅಂದರೆ ಸುಳಿ ಆಂಧ್ರದ ದಡದ ಕಡೆ ಸರಿದಿದೆ. ಜುಲೈನ ಪಡುವಣ ಗಾಳಿಗೆ ಬೆನ್ನು ಕೊಟ್ಟರೆ ಎಡಗೈ ನೇರ ಬಡಗಕ್ಕೆ: ಉತ್ತರ ಭಾರತದ ಉದ್ದಕ್ಕೂ ಮಲಗಿರುವ ಮುಂಗಾರಿನ ದ್ರೋಣಿ.

ಈಗ ಮುಖ್ಯವಾದದ್ದು, ಗಾಳಿ ಯಾವ ಕಡೆಗೆ ತಿರುಗುತ್ತಿದೆ ಎನ್ನುವುದು. ದೇವಸ್ಥಾನದ ಲೆಕ್ಕದಲ್ಲೇ ಇಟ್ಟುಕೊಳ್ಳಬಹುದು. ಎರಡು ಮೂರು ದಿನದಲ್ಲಿ ಗಾಳಿ ಬೀಸುವ ದಿಕ್ಕು ಈಶಾನ್ಯದಿಂದ ಮೂಡಲಿಗೆ, ಅಲ್ಲಿಂದ ಆಗ್ನೇಯಕ್ಕೆ ಬಂದರೆ ಅದು ಪ್ರದಕ್ಷಿಣೆ. ಸುಳಿ ನಮ್ಮ ತೆಂಕಣ ಮಗ್ಗುಲಲ್ಲಿ ಹಾದುಹೋಗುತ್ತಿದೆ, ಕೊಲ್ಲಿಯ ಹಸಿ ಗಾಳಿಯೆಲ್ಲ ನಮ್ಮ ಮೇಲೆ. ಜಡಿ ಹಿಡಿಯುವುದು ಆಗಲೇ. ಈಶಾನ್ಯದಿಂದ ಬಡಗಲಿಗೆ, ವಾಯವ್ಯಕ್ಕೆ ತಿರುಗಿದರೆ ಅಪ್ರದಕ್ಷಿಣೆ. ಸುಳಿ ಬಡಗಣಕ್ಕೆ ಹೋಗುತ್ತಿದೆ, ನಮಗೆ ಬರುತ್ತಿರುವುದು ತೆಲಂಗಾಣ, ರಾಯಲಸೀಮೆಯ ನೆಲದ ಮೇಲಿಂದ ಬಂದ ಒಣ ಗಾಳಿ. ಮೋಡ ಮುಚ್ಚಬಹುದು, ಚಳಿಯಾಗಬಹುದು, ಸುದ್ದಿಯಲ್ಲಿ ಚೆನ್ನೈ ನೀರಲ್ಲಿ ನಿಂತಿರಬಹುದು. ನಮಗೆ ಮಾತ್ರ ಆ ಪ್ರಮಾಣದ ಮಳೆ ಬರುವುದಿಲ್ಲ.

ಗೊಂದಲವಾಗಬಾರದು: ಸುಳಿಯೊಳಗೆ ಗಾಳಿ ಸುತ್ತುವುದು ಯಾವಾಗಲೂ ಅಪ್ರದಕ್ಷಿಣವೇ. ಇಲ್ಲಿ ಹೇಳುತ್ತಿರುವುದು ನಿಮ್ಮ ಅಂಗಳದಲ್ಲಿ ಗಾಳಿಯ ದಿಕ್ಕು ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಎಂದು.

ಸುಳಿ ತೀರಾ ತೆಂಕಕ್ಕೆ, ಕನ್ಯಾಕುಮಾರಿಯ ಬಳಸಿ ಅರಬ್ಬಿ ಕಡಲಿಗೆ ಹೋದರೆ ಮೂಡಣ ಗಾಳಿ, ಮಂಕು ಬೆಳಕು, ಅಲ್ಲಲ್ಲಿ ಹನಿ. ಅಷ್ಟೇ.

ತಪ್ಪಾಗುವುದೆಲ್ಲಿ? ಊರೊಳಗೆ, ಗೋಡೆ ಸಂದಿಯಲ್ಲಿ, ಬೆಟ್ಟದ ತಪ್ಪಲಲ್ಲಿ ಅಳೆದಾಗ. ದೇವರಾಯನದುರ್ಗ, ಸ್ಕಂದಗಿರಿ, ಅಂತರಗಂಗೆಯ ಬುಡದಲ್ಲಿ ಇರುವವರಿಗೆ ನೆಲದ ಗಾಳಿ ಬೆಟ್ಟ ಹೇಳಿದಂತೆ ತಿರುಗುತ್ತದೆ. ಅಂಥ ಕಡೆ ಮರದ ಎಲೆ ನೋಡಬೇಡಿ, ಕೆಳಮಟ್ಟದ ಮೋಡ ಓಡುವ ದಿಕ್ಕು ನೋಡಿ. ತೆಂಗಿನ ಗರಿಯ ತುದಿಯನ್ನು ಗುರುತಿಟ್ಟುಕೊಂಡು ಅದರ ಹಿಂದೆ ಮೋಡ ಎತ್ತ ಸರಿಯುತ್ತದೆ ಎಂದು ಒಂದು ನಿಮಿಷ ಗಮನಿಸಿದರೆ ಸಾಕು. ತುಂಬ ಎತ್ತರದ ತೆಳು ಮೋಡಗಳನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿಯ ಗಾಳಿಯ ದಾರಿಯೇ ಬೇರೆ.

ಹಂತ 5: ಬಂದಿರುವ ಗಾಳಿ ಎಲ್ಲಿಯದು? ಲೋಟ ಹೇಳುತ್ತದೆ

ಒಂದೇ ಬಗೆಯ ನೆಲದ ಮೇಲೋ ಕಡಲ ಮೇಲೋ ದಿನಗಟ್ಟಲೆ ನಿಂತ ಗಾಳಿ ಅಲ್ಲಿಯ ಗುಣ ಹೀರಿಕೊಳ್ಳುತ್ತದೆ. ಇದನ್ನೇ ವಾಯುರಾಶಿ ಎನ್ನುವುದು. ನಮಗೆ ಬರುವವು ಮುಖ್ಯವಾಗಿ ಮೂರು: ಬಂಗಾಳಕೊಲ್ಲಿಯ ಹಸಿ ಗಾಳಿ, ಅರಬ್ಬಿ ಕಡಲಿನ ಹಸಿ ಗಾಳಿ, ಬಡಗಣ ನೆಲದ ಒಣ ಗಾಳಿ. ಕೋಲಾರದಿಂದ ಕೊಲ್ಲಿ ನೇರ ಅಳತೆಯಲ್ಲಿ 230 ಕಿ.ಮೀ. ಇದ್ದೀತು, ನಡುವೆ ದೊಡ್ಡ ಗೋಡೆಯಂಥ ಬೆಟ್ಟಸಾಲಿಲ್ಲ. ತಿಪಟೂರಿಗೆ ಅರಬ್ಬಿ ಕಡಲೇ ಹತ್ತಿರ, ಆದರೆ ನಡುವೆ ಪಶ್ಚಿಮಘಟ್ಟ. ಆ ಕಡೆಯಿಂದ ಬರುವ ಗಾಳಿ ತನ್ನ ಮಳೆಯನ್ನೆಲ್ಲ ಆಗುಂಬೆ, ಮಡಿಕೇರಿಯ ಕಡೆಯೇ ಸುರಿದು, ಬರಿಗೈಯಲ್ಲಿ ನಮ್ಮತ್ತ ಇಳಿಯುತ್ತದೆ.

ಯಾವ ಗಾಳಿ ಬಂದಿದೆ ಎಂದು ತಿಳಿಯಲು ಹೆಚ್ಚಿನವರು ಆ್ಯಪ್‌ನಲ್ಲಿ ತೇವಾಂಶದ ಶೇಕಡಾ ನೋಡುತ್ತಾರೆ. ಅದು ಮೋಸದ ಅಂಕಿ. ಜನವರಿಯ ಒಂದು ನಸುಕು: 14 ಡಿಗ್ರಿ, ತೇವಾಂಶ ಶೇ 75. ಅದೇ ದಿನ ಮಧ್ಯಾಹ್ನ: 29 ಡಿಗ್ರಿ, ತೇವಾಂಶ ಶೇ 30. ಗಾಳಿಯಲ್ಲಿರುವ ನೀರಾವಿ ಎರಡೂ ಹೊತ್ತು ಒಂದೇ! ಬದಲಾದದ್ದು ಉಷ್ಣತೆ ಮಾತ್ರ.

ನೋಡಬೇಕಾದದ್ದು ಇಬ್ಬನಿ ಬಿಂದು. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರ ಆವಿ ನೀರಾಗುತ್ತದೋ ಆ ಡಿಗ್ರಿ. ಮೇಲಿನ ಉದಾಹರಣೆಯಲ್ಲಿ ಎರಡೂ ಹೊತ್ತು ಅದು 10ರ ಹತ್ತಿರ.

ಮನೆಯಲ್ಲಿ ಅಳೆಯುವುದು ಹೀಗೆ. ಸ್ಟೀಲ್ ಲೋಟದ ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ, ಬಯಲಿನ ಗಾಳಿ ಆಡುವ ಕಡೆ ಇಡಿ. ಅರ್ಧಕ್ಕೆ ಸಾದಾ ನೀರು. ಐಸನ್ನು ಚೂರು ಚೂರಾಗಿ ಹಾಕುತ್ತ, ಥರ್ಮಾಮೀಟರ್ ಮುಳುಗಿಸಿಟ್ಟು, ಕಡ್ಡಿಯಿಂದ ಕದಡುತ್ತಿರಿ. ಕಣ್ಣು ಲೋಟದ ಹೊರಮೈ ಮೇಲಿರಲಿ. ಹೊಳಪು ಮಂಕಾಗಿ, ಬೆರಳಾಡಿಸಿದರೆ ಗೆರೆ ಮೂಡುವಂತಾದ ಕ್ಷಣದ ಡಿಗ್ರಿ ಬರೆದುಕೊಳ್ಳಿ. ಐಸ್ ಹಾಕುವುದು ನಿಲ್ಲಿಸಿ. ಮಂಕು ಮಾಯವಾಗುವ ಡಿಗ್ರಿಯನ್ನೂ ಬರೆದು ಎರಡರ ಸರಾಸರಿ ತೆಗೆಯಿರಿ. ಮುಖ ಹತ್ತಿರ ತಂದರೆ ನಿಮ್ಮ ಉಸಿರಿನ ಇಬ್ಬನಿ ಬಿಂದು ಸಿಗುತ್ತದೆ, ಗಾಳಿಯದ್ದಲ್ಲ. ಅಡುಗೆಮನೆಯಲ್ಲಂತೂ ಬೇಡವೇ ಬೇಡ, ಅನ್ನದ ಹಬೆ ಎಲ್ಲ ಕೆಡಿಸುತ್ತದೆ. ಐಸನ್ನು ಒಮ್ಮೆಗೇ ಸುರಿದರೂ ಅಂಕಿ ತೀರಾ ಕೆಳಗೆ ಬರುತ್ತದೆ, ಏಕೆಂದರೆ ಮಂಕು ಕಾಣುವಷ್ಟರಲ್ಲಿ ನೀರು ಇನ್ನಷ್ಟು ತಣ್ಣಗಾಗಿರುತ್ತದೆ.

ನಮ್ಮ ಎತ್ತರಕ್ಕೆ ಒಂದು ಒರಟು ಅಳತೆ: 10 ಡಿಗ್ರಿಗಿಂತ ಕೆಳಗಿದ್ದರೆ ಒಣ ನೆಲದ ಗಾಳಿ. 17ರಿಂದ ಮೇಲೆ ಹೋದರೆ ಕಡಲಿನದು. ನಡುವೆ ಇದ್ದರೆ ಕಲಬೆರಕೆ, ನಾಳೆ ಮತ್ತೆ ಅಳೆಯಿರಿ.

ಶಾಲೆಯ ಪುಸ್ತಕದಲ್ಲಿ ಓದಿದ 'ಫ್ರಂಟ್', ಅಂದರೆ ಬಿಸಿ ವಾಯುರಾಶಿ ಮತ್ತು ಚಳಿ ವಾಯುರಾಶಿ ಗಡಿಗೆರೆ ಎಳೆದುಕೊಂಡು ಕಾದಾಡುವುದು, ನಮ್ಮಲ್ಲಿ ಹುಡುಕಬೇಡಿ. ಅದು ತಂಪು ದೇಶಗಳ ಕಥೆ. ನಮ್ಮಲ್ಲಿ ಜಗಳ ಬಿಸಿ–ಚಳಿಯದ್ದಲ್ಲ, ಹಸಿ–ಒಣದ್ದು.

ಹಂತ 6: ಕಾಲ ನೋಡಿ ಅರ್ಥ ಮಾಡಿ

ಮಾರ್ಚಿಯಿಂದ ಮೇ. ಪಡುವಣ–ವಾಯವ್ಯದ ಒಣ ಗಾಳಿಯೂ ಮೂಡಣ–ತೆಂಕಣದ ಹಸಿ ಗಾಳಿಯೂ ದಕ್ಷಿಣ ಭಾರತದ ನಡುಮೈಯಲ್ಲಿ, ವಿದರ್ಭದ ಕಡೆಯಿಂದ ಒಳನಾಡು ಕರ್ನಾಟಕ ಹಾದು ತಮಿಳುನಾಡಿನತ್ತ ಚಾಚಿದ ಗೆರೆಯೊಂದರ ಮೇಲೆ ಸೇರುತ್ತವೆ. ಆ ಗೆರೆ ನಿಮ್ಮ ಊರಿನ ಹತ್ತಿರ ಬಿದ್ದ ದಿನ ಗುಡುಗು–ಮಳೆ. ಗುರುತು: ಬೆಳಿಗ್ಗೆ ಲೋಟ 16, 17 ಡಿಗ್ರಿ ಹೇಳುತ್ತದೆ, ನಿನ್ನೆ ಅದೇ 9 ಇತ್ತು. ಗಾಳಿ ಪಡುವಣದಿಂದ ಆಗ್ನೇಯಕ್ಕೆ ಬದಲಾಗಿದೆ. ಹನ್ನೊಂದರ ಹೊತ್ತಿಗೆ ಹೂಕೋಸಿನ ಹಾಗೆ ಅಂಚು ಚೂಪಾದ ಮೋಡಗಳು ಮೇಲಕ್ಕೆ ಬೆಳೆಯುತ್ತಿವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದು ಈ ಕಾಲದ ಮಳೆಗೇ. ಮೇಲ್ಮಟ್ಟದಲ್ಲಿ ಒಣ ಗಾಳಿ ಇದ್ದರೆ ಬೀಳುವ ಹನಿ ಆವಿಯಾಗಿ ಸುತ್ತಲಿನ ಗಾಳಿಯನ್ನು ಇನ್ನಷ್ಟು ತಣಿಸುತ್ತದೆ, ಆಲಿಕಲ್ಲು ಕರಗದೆ ನೆಲ ಮುಟ್ಟುತ್ತದೆ. ದ್ರಾಕ್ಷಿ, ಮಾವಿನವರಿಗೆ ಇದರ ಪೆಟ್ಟು ವಿವರಿಸಬೇಕಿಲ್ಲ.

ಇಲ್ಲಿ ಬ್ಯಾರೋಮೀಟರ್ ತಲೆಕೆಳಗಾಗಿ ವರ್ತಿಸುತ್ತದೆ. ಮಳೆಗೆ ಮುಂಚೆ ತಣ್ಣನೆಯ ಗಾಳಿ ಮಣ್ಣಿನ ವಾಸನೆಯೊಂದಿಗೆ ನುಗ್ಗಿದಾಗ ಒತ್ತಡ ಕೆಲವೇ ನಿಮಿಷದಲ್ಲಿ 1ರಿಂದ 3 ಹೆಕ್ಟೋಪಾಸ್ಕಲ್ ಮೇಲಕ್ಕೆ ಜಿಗಿಯುತ್ತದೆ, ಇಳಿಯುವುದಿಲ್ಲ. ಮೋಡದಿಂದ ಕೆಳಕ್ಕೆ ಬಿದ್ದ ತಣ್ಣನೆಯ ಭಾರದ ಗಾಳಿ ಅದು. ಏರಿತಲ್ಲ, ಮಳೆ ಹೋಯಿತು ಎಂದು ಹೊಲಕ್ಕೆ ಹೊರಡಬೇಡಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ: 3 ಸೆಕೆಂಡಿಗೆ 1 ಕಿ.ಮೀ. 30 ಸೆಕೆಂಡಿನೊಳಗೆ ಗುಡುಗು ಬಂದರೆ ಪಕ್ಕಾ ಮನೆಯೊಳಗೆ ಹೋಗಿ, ಕೊನೆಯ ಗುಡುಗಿನ ಅರ್ಧ ಗಂಟೆಯವರೆಗೆ ಹೊರಬರಬೇಡಿ. ಹುಣಸೆಮರದಡಿ, ತೆಂಗಿನ ತೋಪಿನಲ್ಲಿ ನಿಲ್ಲುವುದು ಮಳೆಯಿಂದ ಬಚಾವಾಗಿ ಸಿಡಿಲಿಗೆ ತಲೆಕೊಡುವ ಕೆಲಸ. 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲನ್ನು ತೋರಿಸುತ್ತದೆ.

ಜೂನ್‌ನಿಂದ ಆಗಸ್ಟ್. ಜುಲೈನಲ್ಲಿ ಒಡಿಶಾದ ಕಡೆ ವಾಯುಭಾರ ಕುಸಿತವಾದರೆ ನಮಗೆ ಖುಷಿಪಡುವಂಥದ್ದೇನಿಲ್ಲ. ಅದು ಪಡುವಣ ಗಾಳಿಯನ್ನು ಜೋರಾಗಿ ಎಳೆಯುತ್ತದೆ, ಮಲೆನಾಡು ತೊಯ್ಯುತ್ತದೆ, ನಮ್ಮಲ್ಲಿ ಮೋಡ ಓಡುತ್ತದೆ, ಗಾಳಿ ರೊಯ್ಯೆನ್ನುತ್ತದೆ, ಸೋನೆ ಹನಿಸಿ ಹೋಗುತ್ತದೆ. ಉಲ್ಟಾ ಇನ್ನೊಂದಿದೆ. ಮುಂಗಾರಿನ ದ್ರೋಣಿ ಹಿಮಾಲಯದ ತಪ್ಪಲಿಗೆ ಸರಿದು, ಸುದ್ದಿಯಲ್ಲಿ 'ಮುಂಗಾರು ದುರ್ಬಲ' ಎಂದು ಬಂದಾಗ ಪಡುವಣ ಗಾಳಿಯ ಹಿಡಿತ ಸಡಿಲವಾಗಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಗುಡುಗು–ಮಳೆ ಬೀಳುವ ಸಾಧ್ಯತೆ ಹೆಚ್ಚು. ರಾಜ್ಯಕ್ಕೆ ಕೆಟ್ಟ ಸುದ್ದಿ, ರಾಗಿ ಹೊಲಕ್ಕೆ ಒಳ್ಳೆಯದು.

ಸೆಪ್ಟೆಂಬರ್. ಗಾಳಿ ನಿಧಾನ, ನೆಲ ಹಸಿ, ಸಂಜೆ ಮೋಡ, ರಾತ್ರಿ ಮಳೆ. ವರ್ಷದ ಒಳ್ಳೆಯ ಮಳೆ ಇಲ್ಲಿಂದ ಅಕ್ಟೋಬರ್‌ವರೆಗೆ.

ಅಕ್ಟೋಬರ್‌ನಿಂದ ಡಿಸೆಂಬರ್‌ಗೆ 4ನೇ ಹಂತವೇ ಮಂತ್ರ. ಜನವರಿ–ಫೆಬ್ರವರಿಯಲ್ಲಿ ಹೆಚ್ಚಿನ ಒತ್ತಡದಡಿ ಗಾಳಿ ಮೇಲಿಂದ ಕೆಳಕ್ಕೆ ಕುಸಿಯುತ್ತ ಮೋಡ ಕಟ್ಟಲು ಬಿಡುವುದಿಲ್ಲ. ಬರಿ ಆಕಾಶಕ್ಕೆ ನೆಲದ ಬಿಸಿಯೆಲ್ಲ ಹೋಗಿ ನಸುಕಿನಲ್ಲಿ ಮಂಜು ಕವಿಯುತ್ತದೆ. ಮಾವಿನ ಹೂವಿಗೆ ಬೂದಿರೋಗ ನೋಡಿಕೊಳ್ಳಿ.

ಹಂತ 7: ನಕ್ಷೆ, ಪ್ರಕಟಣೆಗಳ ಜೊತೆ ತಾಳೆ ನೋಡಿ

'ವಿಂಡಿ'ಯಂಥ ಆ್ಯಪ್‌ಗಳಲ್ಲಿ ಗಾಳಿಯ ಮಟ್ಟ ಆರಿಸುವ ಪಟ್ಟಿ ಇರುತ್ತದೆ. ಬಹಳ ಜನ 925 ಹೆಕ್ಟೋಪಾಸ್ಕಲ್ ಮಟ್ಟ ಒತ್ತುತ್ತಾರೆ. ಆ ಮಟ್ಟ ಸಮುದ್ರದಿಂದ ಸುಮಾರು 780 ಮೀಟರ್ ಎತ್ತರದ್ದು, ಅಂದರೆ ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳಲ್ಲಿ ನೆಲದೊಳಗೆ! ಕಂಪ್ಯೂಟರ್ ಅಂದಾಜಿನಿಂದ ತುಂಬಿದ ಅಂಕಿ ಅದು, ನೆಚ್ಚಬೇಡಿ. 850ರ ಮಟ್ಟ ಆರಿಸಿ. ಅದು ಸುಮಾರು 1,500 ಮೀಟರ್, ಹೆಚ್ಚುಕಡಿಮೆ ನಂದಿಯ ನೆತ್ತಿ. ಮಳೆ ತರುವ ಗಾಳಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಕ್ಷೆಯ ಮೇಲಿನ ಸಮಯ ಗ್ರೀನ್‌ವಿಚ್‌ನದ್ದಾಗಿದ್ದರೆ ಐದೂವರೆ ಗಂಟೆ ಕೂಡಿಸಿ. ಐದು ದಿನಕ್ಕಿಂತ ಮುಂದಿನ ಸುಳಿಯ ಹಾದಿಯನ್ನು ನೋಡಿ ಕೂಲಿಯವರನ್ನು ಬೇಡವೆನ್ನಬೇಡಿ. ಮುನ್ಸೂಚನೆ ಲೆಕ್ಕ ಹಾಕುವ ಯೂರೋಪಿನ ಕಂಪ್ಯೂಟರ್ ಮಾದರಿ ಪುದುಚೇರಿ ಅನ್ನುತ್ತದೆ, ಅಮೆರಿಕದ್ದು ನೆಲ್ಲೂರು ಅನ್ನುತ್ತದೆ. ಆ ಇನ್ನೂರೆಂಬತ್ತು ಕಿಲೋಮೀಟರಿನ ಜಗಳದಲ್ಲೇ ನಿಮ್ಮ ಮಳೆ ಇದೆ.

ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ 'ಒಂದೆರಡು ಕಡೆ' ಎಂದರೆ ಜಿಲ್ಲೆಯ ಕಾಲು ಭಾಗದಷ್ಟು ಮಳೆಮಾಪನ ಕೇಂದ್ರಗಳಿಗೆ ಮೀರದಂತೆ. ಬೀಳದ ಮುಕ್ಕಾಲರಲ್ಲಿ ನೀವಿದ್ದರೆ ಇಲಾಖೆ ಸುಳ್ಳು ಹೇಳಿತು ಎನ್ನಲಾಗದು. 'ಭಾರಿ ಮಳೆ' ಎಂದರೆ 24 ಗಂಟೆಗೆ 64.5 ಮಿ.ಮೀ.ನಿಂದ ಮೇಲೆ, 115.6 ದಾಟಿದರೆ 'ಅತಿ ಭಾರಿ'. 24 ಗಂಟೆ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ಹಾಗಾಗಿ 17ನೇ ತಾರೀಕಿನ ಲೆಕ್ಕದಲ್ಲಿ ಬರುವ ಮಳೆ ಹೆಚ್ಚಿನಂಶ 16ರಂದು ಸುರಿದದ್ದು. ಡಬ್ಬದಲ್ಲಿ ನೀವು ಅಳೆದದ್ದನ್ನೂ ಅದೇ ಹೊತ್ತಿಗೆ ಚೆಲ್ಲಿ. 1 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು.

ಪಂಚಾಯಿತಿ ಮಟ್ಟದ ಮಳೆ ಅಂಕಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ ಕೇಳಿ. ಬೆಳೆ ಸಲಹೆಗೆ 'ಮೇಘದೂತ್' ಆ್ಯಪ್. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೊಸ ಸಲಹೆ ಬರುತ್ತದೆ. ಟಮಕ, ಹಿರೇಹಳ್ಳಿ, ಕೊನೇಹಳ್ಳಿ, ಚಿಂತಾಮಣಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿದರೆ ಬಿಡಿಸಿ ಹೇಳುತ್ತಾರೆ.

ಒಂದು ವಾರದ ನೋಟ್‌ಬುಕ್ ಹೇಗೆ ಓದುವುದು

ಇದು ಅಭ್ಯಾಸಕ್ಕೆಂದು ಕಟ್ಟಿದ ಲೆಕ್ಕ. ಮುಳಬಾಗಿಲ ಕಡೆಯ ಹೊಲ, ನವೆಂಬರ್, ರಾಗಿ ಕೊಯ್ಲಿಗೆ ಬಂದಿದೆ. ಎಲ್ಲ ಅಳತೆ ಬೆಳಿಗ್ಗೆ 8.30ರದ್ದು.

ಸೋಮವಾರ: ಒತ್ತಡ 919.2, ಗಾಳಿ ಈಶಾನ್ಯ, ಇಬ್ಬನಿ ಬಿಂದು 14.
ಮಂಗಳವಾರ: 918.1, ಈಶಾನ್ಯ, 16.
ಬುಧವಾರ: 916.0, ಮೂಡಣ, 18. ಕೆಳಮೋಡ ಮೂಡಲಿಂದ ಓಡುತ್ತಿದೆ, ಹನಿ.
ಗುರುವಾರ: 916.7, ಆಗ್ನೇಯ, 19. ಡಬ್ಬದಲ್ಲಿ 38 ಮಿ.ಮೀ.
ಶುಕ್ರವಾರ: 918.4, ತೆಂಕಣ, 18. ಡಬ್ಬದಲ್ಲಿ 21.
ಶನಿವಾರ: 919.3, ಈಶಾನ್ಯ, 15. ಡಬ್ಬದಲ್ಲಿ 1.

ಮಂಗಳವಾರದ 1.1ರ ಇಳಿತ ಒಂದೇ ಆಗಿದ್ದರೆ ಸುಮ್ಮನಿರಬಹುದಿತ್ತು, ಜೊತೆಗೆ ಲೋಟವೂ ಎರಡು ಡಿಗ್ರಿ ಏರಿದೆ. ಅವತ್ತೇ ಕೊಯ್ಲು ನಿಲ್ಲಿಸಿ, ಕೊಯ್ದು ಮಲಗಿಸಿದ್ದನ್ನು ಒಟ್ಟಿ ಟಾರ್ಪಾಲು ಹೊದಿಸಬೇಕು. ಬುಧವಾರ ಗಾಳಿ ಮೂಡಣಕ್ಕೆ ಬಂದ ಮೇಲೆ ಅನುಮಾನವೇ ಇಲ್ಲ, ಪ್ರದಕ್ಷಿಣೆ ಶುರು. ಗುರುವಾರ ಎಡವುವ ದಿನ. ಒತ್ತಡ ಆಗಲೇ ಏರಲಾರಂಭಿಸಿದೆ, ಆದರೆ ಗಾಳಿ ಇನ್ನೂ ಆಗ್ನೇಯದ್ದು, ಲೋಟ 19 ಹೇಳುತ್ತಿದೆ. ಸುಳಿ ದಾಟಿಹೋದರೂ ಅದರ ಬಾಲ ಕೊಲ್ಲಿಯ ಹಸಿಯನ್ನು ಎಳೆಯುತ್ತಲೇ ಇದೆ, ಶುಕ್ರವಾರದ 21 ಮಿ.ಮೀ. ಬಂದದ್ದು ಹಾಗೆ. ಶನಿವಾರ ಗಾಳಿಯೂ ಲೋಟವೂ ಹಿಂದಿನ ಜಾಗಕ್ಕೆ ಬಂದಿವೆ. ಅವತ್ತೇ ಟಾರ್ಪಾಲು ತೆಗೆದು ಮೆದೆಗೆ ಗಾಳಿಯಾಡಲು ಬಿಡಿ, ಮುಚ್ಚಿಟ್ಟರೆ ಒಳಗೆ ಬೆವೆತು ತೆನೆ ಮೊಳೆಯುತ್ತದೆ. ನಿಂತ ಪೈರಿಗೆ ಕುಡುಗೋಲು ಹಾಕುವುದು ಮಾತ್ರ ಸೋಮವಾರದ 8.30 ನೋಡಿಕೊಂಡು.